ಹತ್ತರಲ್ಲಿ ಏಳು

ಬೆಳಿಗ್ಗೆಯಿಂದ ಎರಡು ಸಲ ಸಾಬೂನು ಹಚ್ಚಿ ಕೈ ತೊಳೆದುಕೊಂಡಿದ್ದೇನೆಂಬುದು ಶಿವಕಾಂತಾಳಿಗೆ ಮೂರನೆಯ ಸಲ ಬಚ್ಚಲಿಗೆ ಬಂದು ನಿಂತಾಗ ನೆನಪಾಯಿತು. ಕೈಗೆ ಏನೂ ಹತ್ತಿರಲಿಲ್ಲ. ಒಂದೂವರೆ ವರ್ಷದ ಹಿಂದೆ ಹತ್ತಿದ ವಾಸನೆ ಇವತ್ತಿನವರೆಗೆ ಚರ್ಮದಲ್ಲಿ ಕೂತಿರುವುದಿಲ್ಲವೆಂದು ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಕೈಗಳು ತಾವಾಗಿಯೇ ತಂಬಿಗೆಯತ್ತ ಹೋದವು. ಹೊರಗೆ ಅಂಗಳದಲ್ಲಿ ಆಳು ದಶರಥ ಸಲಿಕೆಯಿಂದ ಮಣ್ಣು ಕೆರೆಯುವ ಸಪ್ಪಳ, ದೌಲತರಾಯ ಕಾಕಾನ ದೊಡ್ಡ ದನಿ, ಅದರ ನಡುವೆ ಅಪ್ಪನ ಸಣ್ಣ ಕೆಮ್ಮು. ಇವತ್ತು ಜೋಳದ ಹಗೇವು ತೆರೆಯುವ ದಿನ. ಇವತ್ತೇ ಆಯಿಯನ್ನು, ಅಪ್ಪನ ಅವ್ವನನ್ನು, ಕೇಳಬೇಕು. ಕಾರವಾರದಿಂದ ಎಂ.ಎಸ್ಸಿ. ಸೀಟಿನ ಸಂದರ್ಶನಕ್ಕೆ ಕಾಗದ ಬಂದು ಎಂಟು ದಿನವಾಯಿತು. ಟ್ರಂಕಿನಲ್ಲಿ ಡೈರಿಯ ಅಡಿಗೆ, ಎರಡಾಗಿ ಮಡಿಸಿದ್ದು, ದಿನಕ್ಕೆ ನಾಲ್ಕು ಸಲ ತೆಗೆದು ನೋಡಿ ಮಡಿಕೆಯ ಗೆರೆ ಆಗಲೇ ಹರಿಯುವ ಹಾಗಾಗಿದೆ. ಶುಕ್ರವಾರ ಹತ್ತು ಗಂಟೆಗೆ, ಎಲ್ಲ ಪ್ರಮಾಣಪತ್ರಗಳೊಂದಿಗೆ, ಪ್ರಯೋಗದ ರೆಕಾರ್ಡ್ ಪುಸ್ತಕವನ್ನೂ ತರತಕ್ಕದ್ದು. ನಾಳೆ ಬೆಳಗಿನ ಬಸ್ಸು ಹಿಡಿದರೆ ಮಾತ್ರ ಮುಟ್ಟಬಹುದು. ಅಪ್ಪ ಕಾಗದ ಓದಿ, ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿ, "ನಿಮ್ಮ ಆಯಿ ಹ್ಞೂಂ ಅಂದ್ರ ನಾನ ಕರ್ಕೊಂಡು ಹೋಗ್ತೇನಿ" ಎಂದಿದ್ದ. ಅಷ್ಟೇ. ಎಂಟು ದಿನ ಅವಳು ಆಯಿಯ ಮುಂದೆ ಹಾಯ್ದು ಹೋಗಿದ್ದಾಳೆ, ಹಾಯ್ದು ಬಂದಿದ್ದಾಳೆ, ಬಾಯಿ ಬಿಟ್ಟಿಲ್ಲ. ಕೇಳಿದರೆ ಆಯಿ ಏನನ್ನುತ್ತಾಳೆಂಬ ಹೆದರಿಕೆಯಲ್ಲ. ಆಯಿಗೆ ಎಲ್ಲ ಮೊದಲೇ ಗೊತ್ತಿದೆ, ಗೊತ್ತಿದ್ದೂ ಒಂದೂವರೆ ವರ್ಷ ಸುಮ್ಮನಿದ್ದಾಳೆ ಎಂಬ ಹೆದರಿಕೆ.

ಎಂಬತ್ತೆರಡರ ಜನವರಿಯಲ್ಲಿ ಕಾಲೇಜಿನ ಪ್ರವಾಸದಲ್ಲಿ ಕಾರವಾರಕ್ಕೆ ಹೋದಾಗ ಅವಳು ಮೊದಲ ಸಲ ಸಮುದ್ರ ನೋಡಿದ್ದು. ಉಳಿದ ಹುಡುಗಿಯರು ಸೀರೆ ಎತ್ತಿ ಹಿಡಿದು ನೀರಿಗಿಳಿದು ಚೀರುತ್ತಿದ್ದರೆ ಅವಳು ಅಲ್ಲಿನ ಕಡಲಜೀವಿ ಪ್ರಯೋಗಶಾಲೆಯ ಹಿಂದಿನ ಉದ್ದನೆಯ ಸಿಮೆಂಟು ತೊಟ್ಟಿಯ ಮುಂದೆ ಮೂರು ದಿನ ಕೂತಿದ್ದಳು. ತೊಟ್ಟಿಯ ಒಂದು ತುದಿಯಿಂದ ಸಮುದ್ರದ ನೀರು ಸಣ್ಣಗೆ ಬಂದು ಇನ್ನೊಂದು ತುದಿಯಲ್ಲಿ ಹೊರಗೆ ಹೋಗುತ್ತಿತ್ತು. ಹೋಗುವ ತುದಿಯ ಮರಳಿನಲ್ಲಿ ಹತ್ತು ಬಸವನಹುಳುಗಳು ಹೂತುಕೊಂಡಿದ್ದವು. ಹೊಲದ ಬದುವಿನಲ್ಲಿ ಸೊಪ್ಪು ಕೆರೆಯುವ ಸಾಧುಗಳಲ್ಲ ಇವು, ಬೇಟೆಯ ಹುಳುಗಳು. ಬರುವ ತುದಿಯಲ್ಲಿ ಅವಳು ಒಂದು ಕಪ್ಪೆಚಿಪ್ಪನ್ನು ಇಡಬೇಕಾಗಿತ್ತು. ಬದುಕಿದ್ದು, ಬ್ಲೇಡಿನಿಂದ ಸೀಳಿ. ಎಡಗೈಯಲ್ಲಿ ಹಿಡಿದಾಗ ಅದು ತನ್ನ ಎರಡು ಬಾಗಿಲನ್ನೂ ಬಿಗಿಯಾಗಿ ಮುಚ್ಚಿಕೊಂಡಿತು; ಆ ಬಿಗಿ ಅವಳ ಅಂಗೈಗೆ ತಿಳಿಯಿತು. ಸೀಳಿದಳು. ದಿನಾ ಮುಂಜಾನೆ ಸ್ನಾನ ಮಾಡಿ ಇಷ್ಟಲಿಂಗವನ್ನು ಇಟ್ಟುಕೊಂಡು ಪೂಜಿಸುವ ಅಂಗೈ ಅದೇ. ಲಿಂಗ ಆಗ ಕೊರಳಲ್ಲಿತ್ತು, ರವಿಕೆಯ ಒಳಗೆ, ತಣ್ಣಗೆ. ಆಮೇಲೆ ಮರಳು ಅಲುಗಿತು. ಮೊದಲು ಮೇಲೆ ಬಂದದ್ದು ಹುಳುವಲ್ಲ, ಅದರ ಸಣ್ಣ ಸೊಂಡಿಲು. ಅದನ್ನು ಎತ್ತಿ ಬರುವ ನೀರನ್ನು ಎಳೆದುಕೊಂಡು, ಎಡಕ್ಕೆ ತೂಗಿ, ಬಲಕ್ಕೆ ತೂಗಿ, ಎಲ್ಲಿ ವಾಸನೆ ದಟ್ಟವೋ ಅತ್ತ ಒಂದು ಬೆರಳಿನಷ್ಟು ಸರಿದು, ಮತ್ತೆ ನಿಂತು, ಮತ್ತೆ ತೂಗಿ. ಕಣ್ಣಿನ ಹಂಗಿಲ್ಲ. ನೀರಿಗೆ ಎದುರಾಗಿ, ನೀರೇ ತಂದ ಸುದ್ದಿಯನ್ನು ನಂಬಿ ಹೋಗುತ್ತಿದ್ದವು. ನೀರು ನಿಲ್ಲಿಸಿದರೆ ವಾಸನೆ ಎಲ್ಲ ಕಡೆ ಒಂದೇ ಆಗಿ ಅವು ಸುಮ್ಮನೆ ಸುತ್ತುತ್ತಿದ್ದವು. ಸೀಳದೆ ಇಟ್ಟ ಚಿಪ್ಪನ್ನೂ ಹುಡುಕಿದವು. ಅದು ಎಷ್ಟು ಬಿಗಿಯಾಗಿ ಮುಚ್ಚಿಕೊಂಡರೂ ಉಸಿರಾಡಲು ಒಮ್ಮೆ ನೀರು ಬಿಡಲೇಬೇಕು, ಬಿಟ್ಟ ನೀರೇ ಅದರ ಗುಟ್ಟು ಹೇಳುತ್ತಿತ್ತು. ಆ ದಿನ ಅವಳು ಡೈರಿಯಲ್ಲಿ ಬರೆದಳು: ಬದುಕಿದ್ದೂ ಅಡಗಿರುವುದು ಯಾರಿಗೂ ಆಗುವುದಿಲ್ಲ.

ಹತ್ತರಲ್ಲಿ ಏಳು ಹುಳು ಚಿಪ್ಪನ್ನು ಮುಟ್ಟಿದವು. ಮೂರು ಮರಳು ಬಿಟ್ಟು ಏಳಲಿಲ್ಲ. ಹಿಂದಿನ ದಿನ ಹೊಟ್ಟೆ ತುಂಬ ತಿಂದವು ಅವೇ ಮೂರು, ಹುಳುಗಳ ಬೆನ್ನಿಗೆ ತಾನೇ ಹಚ್ಚಿದ ಕೆಂಪು ಬಣ್ಣದ ಚುಕ್ಕೆಯಿಂದ ಅವಳು ಅದನ್ನು ಖಚಿತ ಮಾಡಿಕೊಂಡಿದ್ದಳು. ಒಂದು ಚಿಪ್ಪು ದಿನಕ್ಕೆ ಮೂರು ಹುಳುಗಳಿಗಷ್ಟೇ ಸಾಲುತ್ತಿತ್ತು; ಮೂರು ದಿನವೂ ಹಾಗೇ ಆಯಿತು. ರೆಕಾರ್ಡಿನಲ್ಲಿ ಏಳು ಎಂದು ಬರೆದು ತೋರಿಸಿದಾಗ ಸರ್ ನಕ್ಕರು. "ಹುಳ ಆಹಾರಕ್ಕ ಬರ್ತಾವ ಅಂತ ಸಿದ್ಧ ಮಾಡ್ಬೇಕವಾ, ಬರೂದಿಲ್ಲ ಅಂತಲ್ಲ. ಹತ್ತಕ್ಕ ಹತ್ತು ಅಂತ ಬರೀ. ಮಾರ್ಕು ಬೇಕೋ ಬ್ಯಾಡೋ?" ಸುತ್ತ ನಿಂತವರೂ ನಕ್ಕರು. ಸಂಜೆ ಬಸ್ಸಿನಲ್ಲಿ ಕೂತು ಅದೇ ಬ್ಲೇಡಿನಿಂದ ಏಳನ್ನು ಕೆರೆದು ಹತ್ತು ಮಾಡಿದಳು. ಕಾಗದ ತೆಳ್ಳಗಾಯಿತು. ಮಾರ್ಕು ಚೆನ್ನಾಗಿ ಬಂದವು.

"ಶಿವಕ್ಕಾ, ಬಚ್ಚಲದಾಗ ಹಗೇವು ತೋಡಾಕತ್ತಿ ಏನ ಬೇ? ಮೊರಾ ತೊಗೊಂಡ ಬಾ," ಎಂದು ಕಾಕಾ ಕೂಗಿದ. ಅವಳು ಕೈ ಒರೆಸಿಕೊಂಡು ನಾಲ್ಕು ಮೊರ ಎತ್ತಿಕೊಂಡು ಅಂಗಳಕ್ಕೆ ಬಂದಳು.

ಅತನೂರಿನ ಅವರ ಮನೆಯಂಗಳದ ಹಗೇವು ಎರಡಾಳು ಆಳ. ನೆಲದೊಳಗೆ ಕೊಡದ ಹೊಟ್ಟೆಯ ಹಾಗೆ ತೋಡಿ, ಗೋಡೆಗೆ ಜೋಳದ ಒಣದಂಟಿನ ಕಣಿಕೆ ಹಾಸಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದ್ದರು. ಮುತ್ತ್ಯಾನ ಕಾಲದಿಂದಲೂ ಎರಡು ವರ್ಷಕ್ಕೊಮ್ಮೆ ಶ್ರಾವಣದ ಮೊದಲ ದಿನ ಮಠದ ದಾಸೋಹಕ್ಕೆ ಹೋಗುವ ಜೋಳ ಈ ಹಗೇವಿನದು. ಆಯಿ ಗುರುಶಾಂತಮ್ಮ ಮೂಸಿ ನೋಡಿ "ಹಸನದ" ಎನ್ನುವವರೆಗೆ ಒಂದು ಚೀಲವೂ ಹೊರಡುವಂತಿಲ್ಲ. ಆಯಿಯ ಮೂಗು ಕರಜಗಿಯವರೆಗೆ ಹೆಸರಾದದ್ದು. ಕಣ್ಣು ಮುಚ್ಚಿ ಹಿಡಿ ಜೋಳ ಮೂಸಿ, ಇದು ಯಾವ ಹೊಲದ್ದು, ಯಾವ ಮಗ್ಗುಲಿಗೆ ಹಸಿ ಹತ್ತಿದೆ ಎಂದು ಹೇಳುತ್ತಿದ್ದಳು. ಬೇರೆ ಊರಿನವರೂ ಹಗೇವು ತೆರೆಯುವಾಗ ಗಾಡಿ ಕಟ್ಟಿ ಕಳಿಸಿ ಕರೆಸಿಕೊಳ್ಳುತ್ತಿದ್ದರು. ಶಿವಕಾಂತಾ ಸಣ್ಣವಳಿದ್ದಾಗ ಶಾಲೆಯಿಂದ ಬಂದ ಕೂಡಲೆ ಆಯಿ ಅವಳ ಎರಡೂ ಕೈ ಹಿಡಿದು ಮುಖಕ್ಕೆ ಒತ್ತಿಕೊಂಡು, ಹುಣಸೆ ತಿಂದಿ, ಸುಣ್ಣದ ಕಡ್ಡಿ ಹಿಡಿದಿ, ಹುಸೇನಬೀ ಮನಿ ಆಡಿನ ಮರಿ ಮುಟ್ಟಿ ಎಂದು ಒಂದೊಂದೇ ಹೇಳುವಳು. ಕಾರವಾರದಿಂದ ಮರಳಿದ ದಿನವೂ ಹಾಗೇ ಕೈ ಹಿಡಿದಳು. ದಾರಿಯುದ್ದಕ್ಕೂ ಬಸ್‌ಸ್ಟ್ಯಾಂಡಿನ ನಳದಲ್ಲೆಲ್ಲ ತೊಳೆದರೂ ಹೋಗದಿದ್ದ ಆ ಉಪ್ಪು, ಆ ಚಿಪ್ಪಿನ ನಾತ ಅವಳಿಗೇ ಹೊಡೆಯುತ್ತಿತ್ತು. ಆಯಿ ಬಹಳ ಹೊತ್ತು ಮುಖ ಎತ್ತಲಿಲ್ಲ. ಎತ್ತಿ, "ದಣದಿ ತಂಗಿ. ಮಲ್ಕೋ ಹೋಗು" ಎಂದಳು. ಬೈಗಳಿಲ್ಲ, ಅಳುವಿಲ್ಲ. ಅಂದಿನಿಂದ ಕೈ ಹಿಡಿದು ಮೂಸುವುದನ್ನೂ ಬಿಟ್ಟಳು.

ಕಂದೀಲು ಇಳಿಸಿ, ಅದು ಆರದೆ ಮೇಲೆ ಬಂದದ್ದನ್ನು ನೋಡಿ, ಒಳಗೆ ಕೆಟ್ಟ ಗಾಳಿ ಇಲ್ಲವೆಂದು ತಿಳಿದೇ ದಶರಥ ಒಳಗಿಳಿದಿದ್ದ. "ಏ ದಶರಥಾ, ಅಲ್ಲೇ ಮಲ್ಕೊಂಡಿ ಏನೋ? ಮ್ಯಾಲ ಮಂದಿ ಕಾಯಾಕತ್ತಾರ," ಎಂದು ಕಾಕಾ ಬಾಯಿಯ ಮೇಲೆ ಬಗ್ಗಿದ. "ತಣ್ಣಗ ಅದರಿ ಸಾವಕಾರ್ರ, ನೀವೂ ಬರ್ರಿ," ಎಂದು ಒಳಗಿನಿಂದ ದನಿ ಬಂತು. "ಆದ್ರ ನಿಮ್ಮ ಹೊಟ್ಟಿ ಈ ಬಾಯಾಗ ಹಿಡಿಸೂದಿಲ್ಲ ನೋಡ್ರಿ." ಓಣಿಯ ಆಚೆ ತನ್ನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಹುಸೇನಬೀ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾಲ್ಕು ಮಗ್ಗುಲಿನಿಂದ ನಾಲ್ಕು ಮೊರ ಮೇಲೆ ಬಂದವು. ಎಲ್ಲರ ಕಣ್ಣೂ ಬಚ್ಚಲ ಮಗ್ಗುಲಿನ ಮೊರದ ಮೇಲೆಯೇ, ಹಸಿ ಹತ್ತಿದರೆ ಅಲ್ಲೇ ಎಂದು ಕಾಕಾ ತುಂಬಿಸುವಾಗ ಆ ಕಡೆಗೆ ಎರಡು ಪಟ್ಟು ಕಣಿಕೆ ಹಾಕಿಸಿದ್ದ. ಆಯಿ ಮಣೆಯ ಮೇಲೆ ಕೂತು, ಹಣೆಯ ವಿಭೂತಿ ಮುಟ್ಟಿಕೊಂಡು, ಹಿಡಿ ಎತ್ತಿ ಮೂಗಿಗೆ ಹಿಡಿದಳು. "ಹಸನದ." ಎರಡನೆಯದು, ಮೂರನೆಯದು, ನಾಲ್ಕನೆಯದು. "ಎಲ್ಲಾ ಹಸನದ." ಕಾಕಾ ತೊಡೆ ತಟ್ಟಿಕೊಂಡ. "ನಾ ಹೇಳಿದ್ದಿಲ್ಲಾ? ನಾ ನಿಂತು ತುಂಬ್ಸಿದ್ದು. ಹ್ಞಾಂ, ಚೀಲಾ ತರ್ರಿ."

ಮೊರಗಳನ್ನು ಅಂಗಳದ ಕಟ್ಟೆಯ ಮೇಲೆ ಸಾಲಾಗಿಡುವ ಕೆಲಸ ಶಿವಕಾಂತಾಳದು. ಇಟ್ಟು ಈಚೆ ಸರಿದು ನಿಂತಳು. ಆಷಾಢದ ಗಾಳಿ ಕಟ್ಟೆಯ ಮೇಲಿಂದ ಹಾಯ್ದು ಅವಳ ಕಡೆ ಬರುತ್ತಿತ್ತು. ಎರಡು ವರ್ಷ ನೆಲದಲ್ಲಿದ್ದ ಜೋಳದ ಸಿಹಿ, ಕಣಿಕೆಯ ಒಣ ವಾಸನೆ. ಅದರ ಅಡಿಗೆ, ಎಳೆಯಷ್ಟು, ನೆನೆದ ಗೋಣಿಚೀಲದ್ದೋ ಹಳೆಯ ಚರ್ಮದ್ದೋ ಎನ್ನುವಂಥದು ಇನ್ನೇನೋ. ಒಂದು ಹೆಜ್ಜೆ ಎಡಕ್ಕೆ ಸರಿದಳು, ಅದು ಇರಲಿಲ್ಲ. ಬಲಕ್ಕೆ ಬಂದಳು, ಇತ್ತು. ಇನ್ನೂ ಬಲಕ್ಕೆ ಹೋದಾಗ ಮತ್ತೆ ಇಲ್ಲ. ತನ್ನ ಕಾಲುಗಳು ಏನು ಮಾಡುತ್ತಿವೆಯೆಂದು ತಿಳಿದಾಗ ಅವಳಿಗೆ ಮೈ ಜುಮ್ಮೆಂದಿತು. ತೂಗುತ್ತಿದ್ದಾಳೆ. ಗಾಳಿಗೆ ಎದುರಾಗಿ, ಒಂದೊಂದೇ ಹೆಜ್ಜೆ, ಗಾಳಿ ತಂದ ಸುದ್ದಿಯ ಹಿಂದೆ. ಮೂರನೆಯ ಮೊರದ ಮುಂದೆ ನಿಂತಳು. ಬಚ್ಚಲ ಮಗ್ಗುಲಿನದಲ್ಲ, ಯಾರೂ ಸಂಶಯಪಡದ ಬೇವಿನ ಗಿಡದ ಮಗ್ಗುಲಿನದು. ಹಿಡಿ ಎತ್ತಿ ನೋಡಿದರೆ ಕಾಳು ಮುತ್ತಿನ ಹಾಗಿತ್ತು. ನಾತ ಇದರದಲ್ಲ, ಇದರ ಹಿಂದೆ ಆಳದಲ್ಲಿ ಇರುವುದರದು. ಇದಕ್ಕೆ ಬರಿ ಸೋಂಕಿದೆ.

ಆಯಿಗೆ ಇದು ತಿಳಿಯಲಿಲ್ಲವೇ? ಮೊರಕ್ಕೆ ಮೂಗು ಹಚ್ಚಿ ಕೂತಿದ್ದ ಆಯಿಗೆ? ಶಿವಕಾಂತಾ ತಿರುಗಿ ನೋಡಿದಳು. ಆಯಿ ಇನ್ನೂ ಮಣೆಯ ಮೇಲೆಯೇ ಇದ್ದಳು, ಬೆನ್ನು ನೆಟ್ಟಗೆ, ಮುಖದಲ್ಲಿ ಎಂದಿನ ಗತ್ತು. ಆದರೆ ಮಡಿಲಲ್ಲಿ ಅವಳ ಬೆರಳುಗಳು ಹಿಡಿದ ಕಾಳನ್ನು ಒಂದೊಂದಾಗಿ ಉಜ್ಜುತ್ತಿದ್ದವು, ಕುರುಡರು ಮುಖ ಮುಟ್ಟಿ ನೋಡುವ ಹಾಗೆ. ಕಾರವಾರಕ್ಕೆ ಹೋಗುವ ಮುಂಚೆ ದೀಪಾವಳಿಯಲ್ಲಿ ಆಯಿಗೆ ಬಂದ ಜ್ವರ, ಹದಿನೈದು ದಿನ ಎದ್ದಿರಲಿಲ್ಲ. ಆಮೇಲೆ ಸಾರಿನಲ್ಲಿ ಉಪ್ಪು ಖಾರ ಏನೂ ಇಲ್ಲವೆಂದು ಅವ್ವನ ಮೇಲೆ ಸಿಟ್ಟಾಗುತ್ತಿದ್ದದ್ದು. ಹಾಲು ಒಲೆಯ ಮೇಲೆ ಸೀದು ಮನೆಯೆಲ್ಲ ಹೊಗೆ ವಾಸನೆಯಾದಾಗಲೂ ಎದುರಿಗೇ ಕೂತು ಬತ್ತಿ ಹೊಸೆಯುತ್ತಿದ್ದದ್ದು. ಎಲ್ಲ ಒಟ್ಟಿಗೆ ಬಂದವು. ಹಾಗಾದರೆ ಆ ದಿನ ಆಯಿ ತನ್ನ ಕೈಯಲ್ಲಿ ಮುಖ ಹುದುಗಿಸಿ ಅಷ್ಟು ಹೊತ್ತು ಹುಡುಕಿದ್ದು ಕಪ್ಪೆಚಿಪ್ಪನ್ನಲ್ಲ. ಯಾವುದಾದರೂ ಒಂದು ವಾಸನೆಯನ್ನು. ಏನೂ ಸಿಗದೆ ಕೈ ಬಿಟ್ಟಳು. ಒಂದೂವರೆ ವರ್ಷ ತಾನು ಹೊತ್ತದ್ದು ಆಯಿಯ ಸಿಟ್ಟನ್ನಲ್ಲ, ಆಯಿ ಹೊತ್ತ ಗುಟ್ಟನ್ನು. ಈಗ ಬಾಯಿ ಬಿಟ್ಟರೆ ಊರ ಮುಂದೆ ಆ ಗುಟ್ಟು ಬಯಲು. ಬಿಡದಿದ್ದರೆ ಮಠದ ಹರಿವಾಣಗಳಲ್ಲಿ ಮುಗ್ಗಿದ ಜೋಳದ ರೊಟ್ಟಿ. ಸುಮ್ಮನಿರುವುದು ಅವಳಿಗೆ ಬರುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವಳಿಗೆ ಚೆನ್ನಾಗಿ ಬಂದ ವಿದ್ಯೆ ಅದೊಂದೇ. ಬ್ಲೇಡಿನ ಕೆರ್ ಕೆರ್ ಸಪ್ಪಳ ಕಿವಿಯಲ್ಲಿ ಬಂತು. ಅದು ದಶರಥನ ಸಲಿಕೆಯೂ ಇರಬಹುದು.

"ಕಾಕಾ," ಎಂದಳು. ಯಾರಿಗೂ ಕೇಳಲಿಲ್ಲ. ಮತ್ತೊಮ್ಮೆ ಅಂದಾಗ ಕಾಕಾ ತಿರುಗಿ, "ಚಾ ಮಾಡಿ ಏನ ಬೇ? ತಾ ತಾ," ಎಂದ. ಅವಳ ಕಿವಿ ಬಿಸಿಯಾದವು. "ಬೇವಿನ ಗಿಡದ ಮಗ್ಗಲ ಜ್ವಾಳಕ್ಕ ಮುಗ್ಗ ಹತ್ಯಾದ."

ಚೀಲ ಹಿಡಿದವರ ಕೈ ನಿಂತವು. ಅಪ್ಪ ಮೆಲ್ಲಗೆ, "ಆಯಿ ಹಸನದ ಅಂದಾಳಲ್ಲ ಶಿವಕ್ಕಾ," ಎಂದ.

"ಅಂದಾಳಪ್ಪಾ. ಆದ್ರೂ ಹತ್ಯಾದ."

"ಅಬಬಬ!" ಕಾಕಾ ನಕ್ಕ. "ಕಾಲೇಜಿನಾಗ ಮೂಗಿಂದೂ ಪರೀಕ್ಷಾ ತೊಗೊಂಡಿದ್ರೇನು? ಎಷ್ಟು ಮಾರ್ಕು ಬಿದ್ದಾವ ಮತ್ತ?" ಮಾರ್ಕಿನ ಮಾತು ಅವಳಿಗೆ ಎಲ್ಲಿ ನಾಟಿತೆಂದು ಅವನಿಗೆ ತಿಳಿಯುವಂತಿರಲಿಲ್ಲ. ಅವಳು ನೆಲ ನೋಡಲಿಲ್ಲ. "ನೀ ಇಲ್ಲಿ ಬಂದು ನಿಂದ್ರು ಕಾಕಾ, ಗಾಳಿ ಬರೂ ಕಡಿ ಮಾರಿ ಮಾಡಿ," ಎಂದಳು. ಕಾಕಾ ಬಂದು ಕಂಬದ ಹಾಗೆ ನಿಂತು, ಮೂಗು ಏರಿಸಿ, "ಜ್ವಾಳದ ವಾಸನಿ ಬರಾಕತ್ತದ. ಜ್ವಾಳದ್ದು ಬರ್ಲಾರದ ಮಲ್ಲಿಗಿದು ಬರ್ತದೇನು?" ಎಂದ. ಆಗ ಓಣಿಯ ಆಚೆಯಿಂದ ಹುಸೇನಬೀ, "ಆ ಮೂಗಿಗೆ ತಂಬಾಕದ ಪುಡಿ ಬಿಟ್ರ ಬ್ಯಾರೆ ಏನ್ ಗೊತ್ತದ ದೌಲತರಾಯ? ಮಲ್ಲಣ್ಣಾ, ನೀ ನಿಂದ್ರಪಾ, ಪೋರಿ ಸುಮ್ಕ ಮಾತಾಡೂದಲ್ಲ," ಎಂದಳು. ಅಪ್ಪ ಬಂದ. "ಒಂದ ಕಡಿ ನಿಂದ್ರಬ್ಯಾಡಪ್ಪಾ. ಅಡ್ಡ ನಡಿ. ಸಾವಕಾಶ." ಅಪ್ಪ ಮಗಳ ಮಾತು ಕೇಳಿ ಹುಡುಗನ ಹಾಗೆ ಅಡ್ಡ ನಡೆದ, ಹೋದ, ಬಂದ, ಮೂರನೆಯ ಮೊರದ ನೇರಕ್ಕೆ ನಿಂತ. ಅವನ ಮೂಗಿನ ಹೊಳ್ಳೆ ಒಮ್ಮೆ ಅಗಲವಾದದ್ದನ್ನು ಅವಳು ಕಂಡಳು. "ದಶರಥಾ," ಎಂದ ಅಪ್ಪ, ದನಿ ಏರಿಸದೆ, "ಬೇವಿನ ಮಗ್ಗಲಕ ಮಳಕೈ ತನಕ ಕೈ ಹಾಕಿ ಬಗಿಯೋ." ಒಳಗೆ ಸ್ವಲ್ಪ ಹೊತ್ತು ಸರಸರ. ಆಮೇಲೆ ದಶರಥನ ನಗೆ ಇಲ್ಲದ ದನಿ: "ಬುಟ್ಟಿ ಎಳೀರಿ."

ಬುಟ್ಟಿಯಲ್ಲಿ ಬಂದದ್ದು ತೆಂಗಿನಕಾಯಿಯಷ್ಟು ದೊಡ್ಡ ಕರಿ ಹೆಂಟೆ. ಕಾಳು ಕಾಳಿಗೆ ಅಂಟಿ ಗಟ್ಟಿಯಾಗಿತ್ತು, ನಡುವೆ ಕೂದಲೆಳೆಯಂಥ ಬೇವಿನ ಬೇರು. ಬೇರು ಗೋಡೆ ಸೀಳಿ ಮಳೆಯ ನೀರಿಗೆ ದಾರಿ ಮಾಡಿಕೊಟ್ಟಿತ್ತು. ಈಗ ಅಡ್ಡ ನಡೆಯಬೇಕಾದ ಕೆಲಸ ಯಾರಿಗೂ ಇರಲಿಲ್ಲ, ನಾತ ಅಂಗಳ ತುಂಬಿತು. ಕಾಕಾ ಹೆಂಟೆಯನ್ನು ನೋಡಿದ, ಬೇವಿನ ಗಿಡವನ್ನು ನೋಡಿದ, ಗಿಡವೇ ತನಗೆ ಮೋಸ ಮಾಡಿತೆಂಬಂತೆ. ಆದರೆ ಉಳಿದವರು ನೋಡುತ್ತಿದ್ದದ್ದು ಮಣೆಯ ಕಡೆ. ಶಿವಕಾಂತಾ ನೋಡಲಾರದೆ ನೋಡಿದಳು.

ಆಯಿ ಎದ್ದು ನಿಂತಳು, ಯಾರ ಕೈಯನ್ನೂ ಹಿಡಿಯಲಿಲ್ಲ. ಹೆಂಟೆಯನ್ನು ಎರಡೂ ಕೈಯಲ್ಲಿ ಎತ್ತಿ ಮುಖಕ್ಕೆ ಒತ್ತಿಕೊಂಡು ಉದ್ದಕ್ಕೆ ಉಸಿರೆಳೆದಳು. ಹುಸೇನಬೀ "ಯಾ ಅಲ್ಲಾ" ಎಂದದ್ದು ಕೇಳಿತು. ಆಯಿ ಹೆಂಟೆಯನ್ನು ಕೆಳಗಿಟ್ಟಳು. "ನನಗ ಏನೂ ಬರೂದಿಲ್ಲ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಜ್ವರಾ ಬಂದ್ಹೋಗಿಂದ ನನ್ನ ಮೂಗು ಸತ್ತದ. ಹೇಳಾಕ ನಾಚಿಕ್ಯಾತು. ಹೆಸರಿತ್ತಲ್ಲ, ಅದನ್ನ ಹಿಡ್ಕೊಂಡು ಕುಂತಿದ್ನಿ. ಇವತ್ತ ಮಠಕ್ಕ ಹೊಲಸು ಜ್ವಾಳ ಕಳಸ್ತಿದ್ನಿ." ಆಯಿ ಮೊಮ್ಮಗಳ ಕಡೆ ತಿರುಗಿದಳು; ಅಷ್ಟು ಜನರ ನಡುವೆ ಅವಳನ್ನು ಯಾರೂ ಹಾಗೆ ನೋಡಿದ್ದಿಲ್ಲ. "ನನ್ನ ಮಾತ ಮುರದ ಮಾತಾಡಿತು ನೋಡ್ರಿ ಇದು. ಈ ಮೂಕಿ. ಇನ್ನ ಮ್ಯಾಲ ಈ ಮನಿ ಮೂಗು ಇಕಿದು. ದೌಲತಾ, ಬೇವಿನ ಮಗ್ಗಲದ್ದು ಬಿಟ್ಟು ಉಳದದ್ದನ್ನ ಇಕಿ ಒಂದೊಂದ ಮೊರಾ ನೋಡ್ಲಿ, ಇಕಿ ಹ್ಞೂಂ ಅಂದ್ರ ಚೀಲಕ್ಕ ಹಾಕು." ಕಾಕಾ ಮೊದಲ ಮೊರ ಹೊತ್ತು ತಂದು ಅವಳ ಮುಂದೆ ಹಿಡಿದ. "ನೋಡ್ರಿ ಬಾಯಿಸಾಹೇಬ್ರ," ಎಂದ, ಅರ್ಧ ತಮಾಷೆಗೆ. ಆದರೆ ಅವಳು ಮೂಸಿ ತಲೆಯಾಡಿಸುವವರೆಗೆ ಕದಲಲಿಲ್ಲ. ಮಧ್ಯಾಹ್ನದವರೆಗೆ ಅವಳು ಗಾಳಿಗೆ ಎದುರಾಗಿ ನಿಂತಿದ್ದಳು. ಸೆರಗು ಹಾರುತ್ತಿತ್ತು, ಅದನ್ನು ಹಿಡಿದುಕೊಳ್ಳುವುದು ಮರೆತಿದ್ದಳು.

ಊಟವಾದ ಮೇಲೆ ಪಡಸಾಲೆಯಲ್ಲಿ ಆಯಿ ಒಬ್ಬಳೇ ಗೋಡೆಗೆ ಒರಗಿ ಕೂತಿದ್ದಾಗ ಶಿವಕಾಂತಾ ಟ್ರಂಕಿನಿಂದ ಕಾಗದವನ್ನೂ ರೆಕಾರ್ಡ್ ಪುಸ್ತಕವನ್ನೂ ತಂದು ಎದುರಿಗೆ ಕೂತಳು. ಕಾಗದದ ವಿಷಯ ಮೊದಲು ಹೇಳಬೇಕೆಂದಿದ್ದಳು, ಬಾಯಿಗೆ ಬಂದದ್ದು ಬೇರೆ. "ಆಯಿ, ಕಾರವಾರದಾಗ ನಾ ಜೀವ ಕೊಂದೇನಿ. ಈ ಕೈಲೆ. ಕೊರಳಾಗ ಲಿಂಗಿತ್ತು."

ಆಯಿ ಗೋಡೆ ಬಿಟ್ಟು ನೆಟ್ಟಗೆ ಕೂತಳು. "ಯಾಕ ಕೊಂದಿ?"

"ಒಂದು ಹುಳ ಅದ ಆಯಿ, ಬಸವನಹುಳ. ಅದು ವಾಸನಿ ಹಿಡ್ದು ಹೆಂಗ ಹಾದಿ ಹುಡುಕ್ತದ ಅಂತ ನೋಡಾಕ."

"ಬಸವನ ಹೆಸರಿಟ್ಕೊಂಡು ಮಾಂಸಾ ತಿಂತದ?" ಆಯಿಯ ಹುಬ್ಬು ಏರಿದವು. "ಹ್ಞಾಂ. ಇರ್ಲಿ. ಸಿಕ್ತೇನು ಹಾದಿ?"

"ಹತ್ತರಾಗ ಏಳಕ್ಕ ಸಿಕ್ತು. ಮೂರು ಏಳ್ಲೇ ಇಲ್ಲ. ಅವಕ್ಕ ಹಿಂದಿನ ದಿನ ತಿಂದು ಹೊಟ್ಟಿ ತುಂಬಿತ್ತು. ಆದ್ರ ನಮ್ಮ ಸರ್ ಹತ್ತೂ ಹೋದ್ವು ಅಂತ ಬರಿ ಅಂದ್ರು. ನಾ ಕೆರದು ಬರದೆ."

"ಹೊಟ್ಟಿ ತುಂಬಿದ್ದು ಯಾಕ ಹೋಗ್ತದ?" ಆಯಿ ನಿಜವಾಗಿ ಆಶ್ಚರ್ಯಪಟ್ಟಳು. "ಉಂಡ ಎದ್ದವರಿಗೆ ಅಡಗಿ ವಾಸನಿ ಕರೀತದೇನು? ನಿಮ್ಮ ಸರ್‌ಗೆ ಅಷ್ಟೂ ತಿಳೀಲಿಲ್ಲಾ?" ಶಿವಕಾಂತಾಳಿಗೆ ನಗು ಬಂತು, ಜೊತೆಗೇ ಕಣ್ಣು ತುಂಬಿದವು. ಮೂರು ದಿನ ತೊಟ್ಟಿಯ ಮುಂದೆ ಕೂತು ತಾನು ಕಂಡದ್ದನ್ನು, ಸಮುದ್ರವನ್ನೇ ನೋಡದ ಈ ಮುದುಕಿ ಒಂದೇ ಮಾತಿನಲ್ಲಿ ಕಂಡಿದ್ದಳು. ಆಯಿ ಮುಂದಕ್ಕೆ ಬಾಗಿದಳು. "ಕೊಂದದ್ದು ಕೊಂದದ್ದ ತಂಗಿ. ಅದನ್ನ ನಾ ಇಲ್ಲ ಅನ್ನೂದಿಲ್ಲ. ನೀ ದಿನಾ ಸಾಬೂನ ಸವಸಿದ್ರೂ ಹೋಗೂದಿಲ್ಲ. ನನಗ ವಾಸನಿ ಇಲ್ಲ, ಕಣ್ಣ ಅವ. ನೋಡೇನಿ. ಆದ್ರ ಒಂದು ಜೀವ ತೊಗೊಂಡು ಕಂಡಿದ್ದನ್ನ ಸುಳ್ಳ ಬರದ್ರ, ಅದು ಸುಮ್ಕ ಸತ್ಹಂಗ ಆತಲ್ಲ?"

ಶಿವಕಾಂತಾ ಪುಸ್ತಕ ಬಿಚ್ಚಿದಳು. ಕೆರೆದ ಜಾಗದಲ್ಲಿ ಕಾಗದ ಈರುಳ್ಳಿಯ ಸಿಪ್ಪೆಯಷ್ಟು ತೆಳ್ಳಗಿತ್ತು, ಮತ್ತೆ ಬ್ಲೇಡು ತಾಳುವಂತಿರಲಿಲ್ಲ. ಕೆರೆಯುವ ಅಗತ್ಯವೂ ಇರಲಿಲ್ಲ. ಹತ್ತರ ಮೇಲೆ ಎಲ್ಲರಿಗೂ ಕಾಣುವ ಹಾಗೆ ಒಂದು ಗೆರೆ ಎಳೆದಳು. ಪಕ್ಕದಲ್ಲಿ ಏಳು ಎಂದು ಬರೆದು, ಉಳಿದ ಮೂರು ಯಾಕೆ ಏಳಲಿಲ್ಲವೆಂದು ಅಂಚಿನ ಉದ್ದಕ್ಕೂ ಬರೆದು, ಇವತ್ತಿನ ತಾರೀಖು ಹಾಕಿ ಸಹಿ ಮಾಡಿದಳು. ಶುಕ್ರವಾರ ಸಂದರ್ಶನದವರು ಈ ಪುಟದಲ್ಲಿ ನಿಂತು ಕೇಳುತ್ತಾರೆ. ಕೇಳಲಿ. ಆಮೇಲೆ ಕಾಗದ ಬಿಚ್ಚಿ ಶುಕ್ರವಾರದ ಸಂದರ್ಶನ, ನಾಳಿನ ಬಸ್ಸು ಎಲ್ಲ ಆಯಿಗೆ ಹೇಳಿದಳು. ಪೆನ್ನು ಸೋರಿ ಎಡಗೈಯ ಅಂಗೈಗೆ ನೀಲಿ ಹತ್ತಿತ್ತು. ಎದ್ದು ಬಚ್ಚಲಿಗೆ ಹೊರಟವಳ ಕೈಯನ್ನು ಆಯಿ ಹಿಡಿದು ಕೂಡಿಸಿದಳು. ಹಿಂದಿನಂತೆಯೇ ಎರಡೂ ಕೈಯಿಂದ ಹಿಡಿದು ಮುಖಕ್ಕೆ ಒತ್ತಿಕೊಂಡಳು.

"ಏನ ವಾಸನಿ ಅದ, ನೀನ ಹೇಳು."

ಶಿವಕಾಂತಾ ಬಗ್ಗಿ ಮೂಸಿದಳು. "ಜ್ವಾಳದ್ದು. ಮತ್ತ ಶಾಯಿದು."

"ಹ್ಞಾಂ," ಎಂದಳು ಆಯಿ. ಕೈ ಬಿಡದೆಯೇ ಒಳಗೆ ಮುಖ ಮಾಡಿ, "ಮಲ್ಲಣ್ಣಾ, ನಾಳಿ ಮುಂಜಾನಿ ಬಸ್ಸಿಗೆ ತಯಾರಾಗು," ಎಂದು ಕೂಗಿದಳು. ಆಮೇಲೆ ಮೊಮ್ಮಗಳ ಅಂಗೈಯನ್ನು ಮಡಿಸಿ ಮುಚ್ಚಿದಳು. "ಇರ್ಲಿ ಬಿಡು. ತೊಳ್ಕೋಬ್ಯಾಡ."